ಹೆರಿಗೆಗೆ ತವರಿಗೆ ಬರುವವರೇ, ಫೈಲಲ್ಲಿರುವ ‘ಶುಗರ್ ನಾರ್ಮಲ್’ ಯಾವಾಗಿನದ್ದು ಅಂತ ಒಮ್ಮೆ ನೋಡಿ

ಬೆಂಗಳೂರಲ್ಲೋ ಮೈಸೂರಲ್ಲೋ ಚೆಕಪ್ ಮಾಡಿಸ್ಕೊಂಡು ಏಳನೇ ತಿಂಗಳಿಗೆ ನಮ್ಮ ಕಾಸರಗೋಡಿನ ಕಡೆ ತವರಿಗೆ ಬರ್ತಾರಲ್ಲ, ಅವ್ರಿಗೆ ಅಂತ ಇದನ್ನು ಬರೀತಾ ಇದ್ದೇನೆ. ಅಮ್ಮಂದಿರು ಅತ್ತೆಯಂದಿರೂ ಓದಿ, ಯಾಕಂದ್ರೆ ನಮ್ಮಲ್ಲಿ ಫೈಲ್ ಹಿಡ್ಕೊಂಡು ಡಾಕ್ಟ್ರ ಎದುರು ಮಾತಾಡುದು ಹೆಚ್ಚಾಗಿ ಅವರೇ. ಬಸುರಿಯರ ಶುಗರ್ ಟೆಸ್ಟಲ್ಲಿ ತಪ್ಪಿಸ್ಲೇಬಾರದ್ದು 24ರಿಂದ 28ನೇ ವಾರದ ಒಳಗೆ ಮಾಡುವಂಥದ್ದು, ನಾವು ಬ್ಯಾಗ್ ಕಟ್ಟಿ ಊರಿಗೆ ಹೊರಡುದೂ ಸರಿಯಾಗಿ ಅದೇ ಹೊತ್ತಿಗೆ. ಅಲ್ಲಿನವ್ರು ಊರಲ್ಲಿ ಮಾಡಿಸ್ತಾರೆ ಅಂದ್ಕೊಳ್ತಾರೆ, ಇಲ್ಲಿನವ್ರು ಅಲ್ಲೇ ಆಗಿರ್ತದೆ ಅಂದ್ಕೊಳ್ತಾರೆ, ಟೆಸ್ಟ್ ಎಲ್ಲಿಯೂ ಆಗುದಿಲ್ಲ. ನಂಗೆ ಹಾಗೇ ಆದದ್ದು. ಗೊತ್ತಾಗುವಾಗ ಒಂಬತ್ತನೇ ತಿಂಗಳು.

ಬೆಂಗಳೂರಲ್ಲಿ ಮೊದಲ ಚೆಕಪ್‌ಗೆ ಹೋದಾಗ್ಲೇ ಗ್ಲೂಕೋಸ್ ನೀರು ಕುಡಿಸಿ ಟೆಸ್ಟ್ ಮಾಡಿದ್ರು, 104 ಬಂತು, ಫೈಲಿನ ಮೊದಲ ಪೇಜಲ್ಲೇ ದೊಡ್ಡದಾಗಿ ನಾರ್ಮಲ್ ಅಂತ ಬರೆದ್ರು. ಅದು ಸರಿಯೇ, ಸರ್ಕಾರದ ಗೈಡ್‌ಲೈನಲ್ಲೂ ಮೊದಲ ಸಲ ತೋರಿಸ್ಲಿಕ್ಕೆ ಹೋದಾಗ ಒಂದು ಟೆಸ್ಟ್, ಅದು ನಾರ್ಮಲ್ ಬಂದ್ರೆ 24ರಿಂದ 28ನೇ ವಾರದಲ್ಲಿ ಇನ್ನೊಂದು ಅಂತ ಉಂಟು. ಆ ಇನ್ನೊಂದನ್ನು ಮುಂದಿನ ವಿಸಿಟಿಗೆ ನೋಡುವ ಅಂದ್ರು, ಆ ಮುಂದಿನ ವಿಸಿಟ್ ಬರುವ ಮೊದ್ಲೇ ನಾನು ಪೆರ್ಲದ ಹತ್ರ ಅಮ್ಮನ ಮನೆಯಲ್ಲಿ ಬಯಕೆ ಊಟಕ್ಕೆ ಕೂತಾಗಿತ್ತು.

ಇಲ್ಲಿ ತೋರಿಸಿದ್ದು ಪೇಟೆಯ ಒಂದು ಪ್ರೈವೇಟ್ ಆಸ್ಪತ್ರೆಗೆ, ಹೆಸರು ಬೇಡ. 28 ವಾರ ದಾಟಿ ಹೊಸದಾಗಿ ಬಂದವ್ರಿಗೆ ಬಂದ ದಿನವೇ ಒಂದು ಟೆಸ್ಟ್ ಮಾಡ್ಬೇಕು ಅಂತಲೂ ಅದೇ ಗೈಡ್‌ಲೈನಲ್ಲಿ ಉಂಟು, ಇದೆಲ್ಲ ನಂಗೆ ಆಮೇಲೆ ಗೊತ್ತಾದದ್ದು. ಡಾಕ್ಟ್ರು ಫೈಲ್ ಬಿಡಿಸಿದ್ರು, ಮೊದಲ ಪೇಜಿನ ನಾರ್ಮಲ್ ನೋಡಿದ್ರು, ಮುಂದಕ್ಕೆ ಹೋದ್ರು. ರಕ್ತ ಕಮ್ಮಿ ಉಂಟಾ, ಬಿಪಿ ಎಷ್ಟು, ಕಾಲು ಬಾತಿದೆಯಾ ಅಂತೆಲ್ಲ ನೋಡ್ತಿದ್ರು, ಮೂತ್ರದಲ್ಲಿ ಶುಗರ್ ನಿಲ್ ಅಂತ ಪ್ರತಿ ಸಲ ಬರ್ತಿತ್ತು, ಒಮ್ಮೆ ಖಾಲಿ ಹೊಟ್ಟೆಯ ಶುಗರೂ ಮಾಡಿದ್ರು, 86. ಎಲ್ಲ ಚೆಂದ! ನಮ್ಮ ವಾರ್ಡಿನ ಆಶಾ ವರ್ಕರ್ ಅಕ್ಕ ಒಬ್ರೇ ಮನೆಗೆ ಬಂದಾಗ “ಗ್ಲೂಕೋಸ್ ಕುಡ್ದು ಮಾಡುವ ಟೆಸ್ಟ್ ಎರಡನೇ ಸಲ ಆಗಿದೆಯಾ?” ಅಂತ ಕೇಳಿದ್ದು. ಅಮ್ಮ ಫೈಲ್ ತೋರಿಸಿದ್ರು, ಅವ್ರು ವಾರ ಲೆಕ್ಕ ಹಾಕಿ ನೋಡಿ “ಇದು ಸುರುವಿನದ್ದಲ್ವಾ ಅಮ್ಮ, ಡಾಕ್ಟ್ರತ್ರ ಒಮ್ಮೆ ಕೇಳಿ” ಅಂದ್ರು. ಕೇಳಿದ್ದಕ್ಕೆ ಆಸ್ಪತ್ರೆಯಲ್ಲಿ ಸಿಕ್ಕಿದ ಉತ್ತರ, ಫಾಸ್ಟಿಂಗ್ ಸರಿ ಉಂಟಲ್ಲ, ನಿಮ್ಗೆ ಸಮಾಧಾನ ಇಲ್ಲದಿದ್ರೆ ಹೊರಗೆ ಲ್ಯಾಬಲ್ಲಿ ಮಾಡಿಸಿ ಅಂತ.

ಆ ಲ್ಯಾಬಿನ ಕಥೆಯನ್ನು ಸ್ವಲ್ಪ ಉದ್ದಕ್ಕೇ ಹೇಳ್ತೇನೆ. ಕೌಂಟರಲ್ಲಿದ್ದ ಹುಡುಗಿ ಗ್ಲೂಕೋಸ್ ಪುಡಿಯ ಪ್ಯಾಕೆಟ್ ಒಡೆದು ಸ್ಟೀಲ್ ಲೋಟಕ್ಕೆ ಅಂದಾಜಿಗೆ ಸುರಿದ್ಲು, ತೂಕ ಇಲ್ಲ ಅಳತೆ ಇಲ್ಲ, ಕಲಕಿ ಕೊಟ್ಲು. ಬೇಗ ಬೇಗ ಕುಡೀರಿ ಅಂದ್ಲು. ಕುಡ್ದೆ. ಆ ಸಿಹಿ ಗಂಟಲಿಂದ ಇಳಿಯುದೇ ಇಲ್ಲ ಮಾರಾಯ್ರೇ, ಹತ್ತು ನಿಮಿಷ ಆಗಿರ್ಲಿಕ್ಕಿಲ್ಲ, ಹೊರಗೆ ಓಡಿ ಹೋಗಿ ಪೂರಾ ವಾಂತಿ. ಒಳಗೆ ಬಂದು ಹೇಳಿದೆ, ಅವ್ಳು “ಸಾರ ಇಲ್ಲ ಚೇಚಿ (ಪರವಾಗಿಲ್ಲ ಅಕ್ಕ), ಕೂತ್ಕೊಳ್ಳಿ” ಅಂತ ಹೇಳಿ ಮೊಬೈಲ್ ನೋಡ್ಲಿಕ್ಕೆ ಸುರು ಮಾಡಿದ್ಲು. ಎರಡು ಗಂಟೆಯೂ ಸರಿ ಆಗ್ಲಿಲ್ಲ, ಊಟಕ್ಕೆ ಮುಚ್ಚಲಿಕ್ಕೆ ಉಂಟು ಅಂತ ಮೊದಲೇ ಕರೆದು ರಕ್ತ ತೆಗೆದ್ಲು. ರಿಪೋರ್ಟ್ 118. ನಾರ್ಮಲ್! ಹೊಟ್ಟೆಯಲ್ಲಿ ಇಲ್ಲದ ಸಕ್ಕರೆ ರಕ್ತಕ್ಕೆ ಎಲ್ಲಿಂದ ಬರ್ಬೇಕು? ರಿಪೋರ್ಟಲ್ಲಿ ವಾಂತಿಯ ವಿಷಯ ಒಂದು ಅಕ್ಷರ ಇಲ್ಲ, ಡಾಕ್ಟ್ರು ಅದನ್ನೂ ಫೈಲಿಗೆ ಪಿನ್ ಮಾಡಿದ್ರು, ಈಗ ಎರಡು ನಾರ್ಮಲ್ ಆಯ್ತು.

ಸರಿಯಾಗಿ ಮಾಡುವ ಕ್ರಮ ಹೀಗೆ ಉಂಟು. 75 ಗ್ರಾಂ ಗ್ಲೂಕೋಸನ್ನು ಸುಮಾರು 300 ಎಂಎಲ್ ನೀರಲ್ಲಿ ಕಲಕಿ 5ರಿಂದ 10 ನಿಮಿಷದ ಒಳಗೆ ಕುಡೀಬೇಕು (ಪ್ಯಾಕೆಟಲ್ಲಿ ಡೆಕ್ಸ್ಟ್ರೋಸ್ ಮೊನೊಹೈಡ್ರೇಟ್ ಅಂತ ಇದ್ರೆ ಅದು 82.5 ಗ್ರಾಂ ಬೇಕಾಗ್ತದೆ). ಸರ್ಕಾರಿ ಕ್ರಮದಲ್ಲಿ ಖಾಲಿ ಹೊಟ್ಟೆಯಲ್ಲೇ ಬರ್ಬೇಕಂತ ಇಲ್ಲ, ತಿಂದು ಹೋದ್ರೂ ಆಗ್ತದೆ, ಎರಡು ಗಂಟೆ ಕಳೆದು ಒಂದೇ ಸಲ ರಕ್ತ, 140 ಅಥವಾ ಹೆಚ್ಚು ಬಂದ್ರೆ ಗರ್ಭಾವಸ್ಥೆಯ ಶುಗರ್ ಅಂತಲೇ ಲೆಕ್ಕ. ಅರ್ಧ ಗಂಟೆಯ ಒಳಗೆ ವಾಂತಿಯಾದ್ರೆ ಆ ಟೆಸ್ಟ್ ಲೆಕ್ಕಕ್ಕಿಲ್ಲ, ಇನ್ನೊಂದು ದಿನ ಮತ್ತೆ ಮಾಡ್ಬೇಕು, ಅರ್ಧ ಗಂಟೆ ಕಳೆದು ಆದ್ರೆ ಮುಂದುವರಿಸ್ಬಹುದು. ಕೆಲವು ದೊಡ್ಡ ಆಸ್ಪತ್ರೆಗಳಲ್ಲಿ ಖಾಲಿ ಹೊಟ್ಟೆಯಲ್ಲಿ ಕರೆದು ಮೂರು ಸಲ ರಕ್ತ ತೆಗೀತಾರೆ, ಅದಕ್ಕೆ ಬೇರೆ ಲೆಕ್ಕ, ಖಾಲಿ ಹೊಟ್ಟೆಗೆ 92, ಒಂದು ಗಂಟೆಗೆ 180, ಎರಡು ಗಂಟೆಗೆ 153, ಇದ್ರಲ್ಲಿ ಯಾವ್ದಾದ್ರೂ ಒಂದು ಮುಟ್ಟಿದ್ರೂ ಸಾಕು. ಒಂದು ಕ್ರಮದ ನಂಬರನ್ನು ಇನ್ನೊಂದಕ್ಕೆ ಹಿಡಿದು ನೋಡ್ಬೇಡಿ.

ಮತ್ತೆ ನನ್ನ ಹಾಗೆ ಫಾಸ್ಟಿಂಗ್ ಸರಿ ಇದ್ದು ಕುಡಿದ ಮೇಲಿನದ್ದು ಮಾತ್ರ ಏರುವವ್ರು ನಮ್ಮ ದೇಶದಲ್ಲಿ ತುಂಬ ಜನ. ಮೂತ್ರದಲ್ಲಿ ನೋಡುದು ಉಪಯೋಗಕ್ಕಿಲ್ಲ, ಬಸುರಿಯಾದಾಗ ಶುಗರ್ ಜಾಸ್ತಿ ಇಲ್ಲದೆಯೂ ಮೂತ್ರದಲ್ಲಿ ಬರ್ತದೆ, ಜಾಸ್ತಿ ಇದ್ದೂ ಬಾರದೇ ಇರ್ತದೆ. ಮೂರು ತಿಂಗಳ ಆವರೇಜ್ ಅಂತ ಎಚ್‌ಬಿಎ1ಸಿ ಮಾಡ್ತಾರಲ್ಲ, ಅದನ್ನೂ ಈ ಸಮಯದಲ್ಲಿ ನಂಬ್ಲಿಕ್ಕಾಗುದಿಲ್ಲ, ಬಸುರಿಯರಲ್ಲಿ ಕೆಂಪು ರಕ್ತಕಣ ಬೇಗ ಬೇಗ ಬದಲಾಗ್ತಾ ಇರ್ತದೆ, ಹಾಗಾಗಿ ಕಮ್ಮಿ ತೋರಿಸ್ತದೆ.

ಸರಿ, ಮುಂದೆ. 36ನೇ ವಾರದ ಸ್ಕ್ಯಾನಲ್ಲಿ ಮಗುವಿನ ಹೊಟ್ಟೆಯ ಸುತ್ತಳತೆ ವಾರಕ್ಕಿಂತ ತುಂಬಾ ಮುಂದೆ ಉಂಟು, ಮಗುವಿನ ಸುತ್ತಲಿನ ನೀರೂ ಜಾಸ್ತಿ ಅಂತ ಬಂತು. ಪೆರ್ಲ ಇರುವ ನಮ್ಮ ಎಣ್ಮಕಜೆ ಪಂಚಾಯತಿನವ್ರಿಗೆ ಸ್ಕ್ಯಾನಲ್ಲಿ ಎಂತಾದ್ರೂ ಹೆಚ್ಚುಕಮ್ಮಿ ಅಂದ್ರೆ ಮೊದ್ಲು ಬರುವ ಹೆದರಿಕೆಯೇ ಬೇರೆ, ಗೇರು ತೋಟಗಳಿಗೆ ಹೆಲಿಕಾಪ್ಟರಲ್ಲಿ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಬಿಟ್ಟ ಊರು ಇದು, ಅಮ್ಮನ ಮುಖ ನೋಡಿದ್ರೆ ಗೊತ್ತಾಗ್ತಿತ್ತು ಎಂತ ಯೋಚನೆ ಮಾಡ್ತಿದ್ದಾರೆ ಅಂತ. ಆ ದಿನ ನಮ್ಮ ಡಾಕ್ಟ್ರು ರಜೆ, ಡ್ಯೂಟಿಯಲ್ಲಿದ್ದದ್ದು ಸಣ್ಣ ಪ್ರಾಯದ ಒಬ್ರು ಲೇಡಿ ಡಾಕ್ಟರ್. ಅವ್ರು ಫೈಲನ್ನು ಹಿಂದಿನಿಂದ ಮುಂದಕ್ಕೆ ಓದಿದ್ರು, 118ರ ರಿಪೋರ್ಟ್ ಹತ್ರ ನಿಲ್ಲಿಸಿ ವಾಂತಿ ಆಗಿತ್ತಾ ಅಂತ ಕೇಳಿದ್ರು. ಆಗಿತ್ತು ಅಂದೆ. ಮರುದಿನ ಅಲ್ಲೇ ಕೂರಿಸಿ ಮಾಡಿಸಿದ್ರು, ಸಿಸ್ಟರ್ ತಕ್ಕಡಿಯಲ್ಲಿ ತೂಗಿ ಹಾಕಿದ್ದನ್ನು ಕಣ್ಣಾರೆ ನೋಡಿದೆ. ಎರಡು ಗಂಟೆಗೆ 192.

ದೊಡ್ಡಮ್ಮಂದಿರೆಲ್ಲ ಬಯಕೆಯ ಹೋಳಿಗೆ, ಮೇ ತಿಂಗಳ ಹಲಸಿನ ಹಣ್ಣು, ಅಪ್ಪ ಸಂಜೆ ಸಂಜೆ ತರ್ತಿದ್ದ ಹಲ್ವ ಎಲ್ಲದಕ್ಕೂ ಸೇರಿಸಿ ನಂಗೇ ಬೈದ್ರು. ಅಷ್ಟು ಸುಲಭ ಇಲ್ಲ ಅದು. ಐದಾರು ತಿಂಗಳಾದ ಮೇಲೆ ಮಾಸಿನಿಂದ (ಪ್ಲಾಸೆಂಟಾ) ಬರುವ ಹಾರ್ಮೋನುಗಳು ತಾಯಿಯ ಇನ್ಸುಲಿನ್ ಕೆಲಸ ಮಾಡ್ಲಿಕ್ಕೆ ಬಿಡುದಿಲ್ಲ, ಎಲ್ಲ ಬಸುರಿಯರಲ್ಲೂ ಇದು ಆಗ್ತದೆ, ಹೆಚ್ಚಿನವ್ರ ಮೇದೋಜೀರಕ ಗ್ರಂಥಿ ಅದಕ್ಕೆ ಸರಿಯಾಗಿ ಹೆಚ್ಚು ಇನ್ಸುಲಿನ್ ಮಾಡಿ ಸುಧಾರಿಸ್ತದೆ, ಕೆಲವ್ರದ್ದು ಸುಧಾರಿಸುದಿಲ್ಲ. ಅದಕ್ಕೇ ಮೂರನೇ ತಿಂಗಳ ನಾರ್ಮಲ್ ಏಳನೇ ತಿಂಗಳಿಗೆ ನಡೆಯುದಿಲ್ಲ. ತಾಯಿಯ ರಕ್ತದ ಸಕ್ಕರೆ ಮಗುವಿಗೆ ದಾಟ್ತದೆ, ಇನ್ಸುಲಿನ್ ದಾಟುದಿಲ್ಲ, ಹಾಗಾಗಿ ಮಗು ತನ್ನದೇ ಇನ್ಸುಲಿನ್ ಜಾಸ್ತಿ ಮಾಡಿ ಬೊಜ್ಜು ಕಟ್ಟಿಕೊಳ್ತದೆ.

ಟೆಸ್ಟ್ ತಡವಾದ್ರೆ ಎಂತ ನಷ್ಟ ಅಂತ ಕೇಳುವವ್ರಿಗೆ ಹೇಳ್ತೇನೆ. ಸಮಯಕ್ಕೆ ಸಿಕ್ಕಿದ್ರೆ ಮೊದ್ಲು ಎರಡು ವಾರ ಬರೀ ಊಟದ ಕ್ರಮ, ನಡಿಗೆ ಅಂತ ನೋಡ್ತಾರೆ, ಊಟ ಆಗಿ ಎರಡು ಗಂಟೆಗೆ 120ರ ಒಳಗೆ ಬಂದ್ರೆ ಮದ್ದೇ ಬೇಡ, ಬಾರದಿದ್ರೆ ಮಾತ್ರ ಮಾತ್ರೆಯೋ ಇನ್ಸುಲಿನ್ನೋ. ನಂಗೆ ಆ ಎರಡು ವಾರ ಎಲ್ಲಿತ್ತು? ಸೀದಾ ಇನ್ಸುಲಿನ್. ಬೆರಳಿಗೆ ಚುಚ್ಚಿ ನೋಡುದು, ಹೊಟ್ಟೆಗೆ ಚುಚ್ಚುದು, ಮಗುವಿನ ಹಾರ್ಟ್‌ಬೀಟ್ ನೋಡ್ಲಿಕ್ಕೆ ಎನ್‌ಎಸ್‌ಟಿ ಅಂತ ಪೆರ್ಲದಿಂದ ಬದಿಯಡ್ಕ ದಾಟಿ ಪೇಟೆಗೆ ಆ ರಸ್ತೆಯಲ್ಲಿ ಜೀಪು ಕಾರು ಅಂತ ಓಡಾಟ. ಕೊಟ್ಟ ಡಯಟ್ ಚಾರ್ಟ್ ಮಲಯಾಳದಲ್ಲಿ, ಪುಟ್ಟು ಇಷ್ಟು ಮೀನು ಇಷ್ಟು ಅಂತ, ನಮ್ಮದು ಮೀನು ತಿನ್ನದ ಮನೆ. ಕಡೆಗೆ ಮೀಟರ್ ನೋಡಿಯೇ ಕಲಿತದ್ದು. ನೀರುದೋಸೆ ನಾಲ್ಕು ತಿಂದ್ರೆ ಏರ್ತದೆ, ಗಂಜಿ ಕುಚ್ಚಲಕ್ಕಿಯದ್ದೇ ಆದ್ರೂ ದೊಡ್ಡ ಬಟ್ಟಲು ಕುಡಿದ್ರೆ ಏರ್ತದೆ, ಅದೇ ಗಂಜಿ ಒಂದು ಸೌಟು, ಜೊತೆಗೆ ಹೆಸರುಕಾಳು, ತೊಂಡೆಕಾಯಿ ಪಲ್ಯ ಹೆಚ್ಚು ಹಾಕಿ ತಿಂದು ಅಂಗಳದಲ್ಲಿ ನಡೆದ್ರೆ ನಿಲ್ತದೆ. ಇದು ನನ್ನ ಮೈಯದ್ದು, ನಿಮ್ದನ್ನು ನೀವು ಚುಚ್ಚಿ ನೋಡ್ಬೇಕು.

38ನೇ ವಾರದಲ್ಲಿ ನೋವು ಬರಿಸ್ಲಿಕ್ಕೆ ನೋಡಿದ್ರು, ಆಗ್ಲಿಲ್ಲ, ಸಿಸೇರಿಯನ್. ಮಗು 3.9 ಕಿಲೋ. ನೋಡ್ಲಿಕ್ಕೆ ಬಂದವ್ರೆಲ್ಲ ಗುಂಡು ಗುಂಡು ಉಂಟು, ತಾಯಿ ಚೆನ್ನಾಗಿ ತಿಂದಿದ್ದಾಳೆ ಅಂತ ಖುಷಿ ಪಟ್ರು, ಮಗು ಆಗ ಎನ್‌ಐಸಿಯುನಲ್ಲಿ (ಹುಟ್ಟಿದ ಮಕ್ಕಳ ಐಸಿಯು) ಇತ್ತು. ಹೊಕ್ಕುಳಬಳ್ಳಿ ಕತ್ತರಿಸಿದ ಕೂಡ್ಲೇ ತಾಯಿಯ ಸಕ್ಕರೆ ನಿಲ್ತದೆ, ಮಗುವಿನ ಒಳಗಿನ ಇನ್ಸುಲಿನ್ ಮಾತ್ರ ಹಾಗೇ ಓಡ್ತಾ ಇರ್ತದೆ, ಶುಗರ್ ಧಡಕ್ಕಂತ ಇಳೀತದೆ. 45ಕ್ಕಿಂತ ಕೆಳಗೆ ಬರ್ಬಾರ್ದು ಅಂತ ಲೆಕ್ಕ, ಇವಳದ್ದು 34. ಹಿಮ್ಮಡಿಗೆ ಚುಚ್ಚಿ ಚುಚ್ಚಿ ನೋಡಿ ಡ್ರಿಪ್ ಹಾಕಿ ಸರಿ ಮಾಡಿದ್ರು, ಈಗ ಆರಾಮ ಇದ್ದಾಳೆ. ನಿಮ್ಗೆ ಶುಗರ್ ಇದ್ದದ್ದು ಹೌದಾದ್ರೆ ಹೆರಿಗೆಗೆ ಮೊದ್ಲೇ ಮಕ್ಕಳ ಡಾಕ್ಟರ್ ಇರ್ತಾರಾ, ಮಗುವಿನ ಶುಗರ್ ನೋಡ್ತಾರಾ ಅಂತ ಕೇಳಿ, ಮತ್ತೆ ಆದಷ್ಟು ಬೇಗ, ಒಂದು ಗಂಟೆಯ ಒಳಗೆ ಎದೆಹಾಲು ಕೊಡ್ಲಿಕ್ಕೆ ನೋಡಿ.

ಇಷ್ಟಕ್ಕೇ ಮುಗಿಯುದಿಲ್ಲ, ಹೆರಿಗೆಯಾಗಿ ಆರು ವಾರಕ್ಕೆ ಅದೇ 75 ಗ್ರಾಂ ಟೆಸ್ಟ್ ಮತ್ತೆ ಮಾಡ್ಬೇಕು, ಯಾಕಂದ್ರೆ ಬಸುರಲ್ಲಿ ಶುಗರ್ ಬಂದವ್ರಿಗೆ ಮುಂದೆ ಖಾಯಂ ಸಕ್ಕರೆ ಕಾಯಿಲೆ ಬರುವ ಸಾಧ್ಯತೆ ಹೆಚ್ಚು. ಇದೂ ತಪ್ಪುದು ಅದೇ ರೀತಿಯಲ್ಲಿ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಹೊಲಿಗೆ, ಲಸಿಕೆ ಎಲ್ಲ ಇತ್ತು, ಇದು ಇರ್ಲಿಲ್ಲ. ಆರನೇ ವಾರ ಅಂದ್ರೆ ಬಾಣಂತನ, ಬೆಲ್ಲ ತುಪ್ಪ ಸುರಿದ ಲೇಹ್ಯ ದಿನಕ್ಕೆರಡು ಸಲ, ಹೊರಗೆ ಕಾಲಿಡ್ಬೇಡ ಅಂತ ಅಜ್ಜಿ, ಅದಾದ್ಮೇಲೆ ಬೆಂಗಳೂರಿಗೆ ವಾಪಸ್, ಅಲ್ಲಿನ ಡಾಕ್ಟ್ರಿಗೆ ನಂಗೆ ಶುಗರ್ ಇತ್ತು ಅಂತಲೇ ಗೊತ್ತಿಲ್ಲ, ಅವ್ರ ಹತ್ರ ಇರುದು 104. ನಂಗೆ ನೆನಪಿಸಿದ್ದು ಪುನಃ ಆ ಆಶಾ ಅಕ್ಕನೇ, ಮಗುವಿನ ಲಸಿಕೆಗೆ ಫ್ಯಾಮಿಲಿ ಹೆಲ್ತ್ ಸೆಂಟರಿಗೆ ಹೋದ ದಿನವೇ ಮಾಡಿಸಿದ್ರು. 131 ಬಂತು, 140ರ ಒಳಗೆ, ಆದ್ರೂ ವರ್ಷಕ್ಕೊಮ್ಮೆ ನೋಡ್ಬೇಕು ಅಂತ ಹೇಳಿದ್ದಾರೆ.

ಊರಿಗೆ ಹೊರಡುವ ಮೊದ್ಲು ಅಲ್ಲಿನ ಡಾಕ್ಟ್ರ ಕೈಯಲ್ಲಿ ಎರಡನೇ ಟೆಸ್ಟ್ ಆಗಿದೆ ಅಥವಾ ಆಗಿಲ್ಲ ಅಂತ ತಾರೀಕು, ವಾರ, ಗ್ರಾಂ ಸಮೇತ ಬರೆಸ್ಕೊಳ್ಳಿ, ಇಂಗ್ಲಿಷಲ್ಲೇ ಬರೆಸಿ, ಕರ್ನಾಟಕದ ತಾಯಿ ಕಾರ್ಡಿನ ಕನ್ನಡ ಇಲ್ಲಿನ ಎಲ್ಲ ಸಿಸ್ಟರ್‌ಗಳಿಗೆ ಬರುದಿಲ್ಲ, ಇಲ್ಲಿನ ಕಾರ್ಡಿನ ಮಲಯಾಳ ಅಲ್ಲಿ ಯಾರೂ ಓದುದಿಲ್ಲ. ಈಗಾಗ್ಲೇ 30 ವಾರ, 34 ವಾರ ಆದವ್ರು ಇನ್ನು ಮಾಡಿ ಎಂತ ಅಂತ ಬಿಡ್ಬೇಡಿ, ಫೈಲ್ ತೆಗೆದು ಆ ನಾರ್ಮಲ್ ಎಷ್ಟನೇ ವಾರದ್ದು ನೋಡಿ, 24 ವಾರದ ಮೊದ್ಲಿನದ್ದು ಮಾತ್ರ ಇದ್ರೆ ನಾಳೆ ಬೆಳಿಗ್ಗೆಯೇ ಹೋಗಿ, ಖಾಲಿ ಹೊಟ್ಟೆಯಲ್ಲಿ ಬರ್ಲಿಕ್ಕೆ ಹೇಳದಿದ್ರೆ ವಾಂತಿ ಬರುವವ್ರು ಸ್ವಲ್ಪ ಎಂತಾದ್ರೂ ತಿಂದು ಹೋಗಿ, ಕುಡಿದು ಎರಡು ಗಂಟೆ ಅಲ್ಲೇ ಕೂರಿ, ಮೊದಲೇ ಕರೆದ್ರೆ ಕೈ ಕೊಡ್ಬೇಡಿ.