ಪ್ರಾಜೆಕ್ಟಿಗೊಂದು ಮನೆ: ಲಿನಕ್ಸ್ ಫೌಂಡೇಶನ್ನೋ, ಅಪಾಚೆಯೋ?

ಓಪನ್ ಸೋರ್ಸ್ ಪ್ರಾಜೆಕ್ಟ್, ಅಂದರೆ ಕೋಡ್ ಎಲ್ಲರಿಗೂ ತೆರೆದಿರುವ ಸಾಫ್ಟ್‌ವೇರ್, ಯಾವ ಸಂಸ್ಥೆಯ ಆಸರೆಗೆ ಹೋಗಬೇಕು? ಲಿನಕ್ಸ್ ಫೌಂಡೇಶನ್, ಅಪಾಚೆ ಸಾಫ್ಟ್‌ವೇರ್ ಫೌಂಡೇಶನ್ ಎರಡೂ ಅಮೆರಿಕದವು, ಎರಡೂ ಲಾಭಕ್ಕೆ ನಡೆಯುವ ಸಂಸ್ಥೆಗಳಲ್ಲ. ಸಾಮ್ಯ ಹೆಚ್ಚೂಕಮ್ಮಿ ಅಷ್ಟಕ್ಕೇ ಮುಗಿಯಿತು.

2007ರಲ್ಲಿ ಎರಡು ಸಂಸ್ಥೆಗಳು ಸೇರಿ ಹುಟ್ಟಿದ ಲಿನಕ್ಸ್ ಫೌಂಡೇಶನ್ ಕಂಪನಿಗಳ ಕೂಟ. ಸದಸ್ಯ ಕಂಪನಿಗಳು ವರ್ಷವರ್ಷವೂ ಶುಲ್ಕ ಕಟ್ಟುತ್ತವೆ, ದೊಡ್ಡ ಶುಲ್ಕ ಕಟ್ಟಿದವು ಆಡಳಿತ ಮಂಡಳಿಯಲ್ಲೂ ಕೂರುತ್ತವೆ. ಲಿನಕ್ಸ್ ಶುರು ಮಾಡಿದ ಲಿನಸ್ ಟೋರ್ವಾಲ್ಡ್ಸ್‌ಗೆ ಸಂಬಳ ಇಲ್ಲಿಂದಲೇ. ಹಲವು ಸರ್ವರ್‌ಗಳಲ್ಲಿ ಸಾಫ್ಟ್‌ವೇರ್ ನಡೆಸಿ ನಿಭಾಯಿಸುವ ಕುಬರ್ನೆಟಿಸ್ ಕೂಡ ಇದರ ನೆರಳಲ್ಲೇ ಇದೆ.

1999ರ ಅಪಾಚೆ ಬೇರೆ ಥರ. ಇಲ್ಲಿ ಕಂಪನಿ ಸದಸ್ಯ ಆಗೋಕೆ ಆಗುವುದೇ ಇಲ್ಲ, ವ್ಯಕ್ತಿಗಳು ಮಾತ್ರ. ದುಡ್ಡು ಕೊಟ್ಟವರಿಗೆ ಥ್ಯಾಂಕ್ಸ್ ಸಿಗುತ್ತದೆ, ವೋಟು ಸಿಗುವುದಿಲ್ಲ. ವೋಟು ಹಾಕುವುದು +1 (ಒಪ್ಪಿಗೆ), -1 (ವಿರೋಧ) ಅಂತ. ಕೋಡ್ ಬದಲಾವಣೆಗೆ ಸರಿಯಾದ ತಾಂತ್ರಿಕ ಕಾರಣದೊಂದಿಗೆ ಒಂದೇ ಒಂದು -1 ಬಿದ್ದರೂ ಅದು ಅಲ್ಲಿಗೇ ನಿಂತಿತು! ಹೊಸ ಪ್ರಾಜೆಕ್ಟುಗಳು ಮೊದಲು ಇನ್‌ಕ್ಯುಬೇಟರ್‌ನಲ್ಲಿ, ಅಂದರೆ ಅಪಾಚೆಯ ತರಬೇತಿ ಹಂತದಲ್ಲಿ, ಪಳಗಬೇಕು. ಹೆಸರಿನ ಟ್ರೇಡ್‌ಮಾರ್ಕ್ ಬಿಟ್ಟುಕೊಡಬೇಕು. ಬದಲಿಸಿ ಹಂಚಿದ ಕೋಡ್ ಕೂಡ ಅದೇ ಷರತ್ತಿನಲ್ಲಿ ತೆರೆದಿರಬೇಕು ಎನ್ನುವ ಜಿಪಿಎಲ್ ಲೈಸೆನ್ಸ್ ನಡೆಯುವುದಿಲ್ಲ, ಆ ಷರತ್ತಿಲ್ಲದ ಅಪಾಚೆ ಲೈಸೆನ್ಸೇ ಬೇಕು. ಸುಮಾರು ಜನ ಎಡವುವುದು ಇಲ್ಲೇ ಅನ್ನಿಸುತ್ತದೆ.

ಪೈಪೋಟಿಯ ಕಂಪನಿಗಳೇ ಒಟ್ಟಿಗೆ ದುಡ್ಡು ಹಾಕಲು ತಯಾರಿದ್ದರೆ ಲಿನಕ್ಸ್ ಫೌಂಡೇಶನ್. ಯಾವ ಕಂಪನಿಯ ಹಿಡಿತವೂ ಬೇಡ ಎಂದರೆ ಅಪಾಚೆ. ಇಬ್ಬರು ಮೂವರು ಬಿಡುವಿನಲ್ಲಿ ನಡೆಸುವ ಪ್ರಾಜೆಕ್ಟಿಗೆ ಎರಡೂ ಭಾರವೇ, ಅಲ್ವಾ? ಆಗ ಇಂಥದ್ದೇ ಇನ್ನೊಂದು ಸಂಸ್ಥೆ ಸಾಫ್ಟ್‌ವೇರ್ ಫ್ರೀಡಂ ಕನ್ಸರ್ವೆನ್ಸಿ ನೋಡಿ. ಜಿಪಿಎಲ್ ಅಲ್ಲಿ ತೊಡಕಲ್ಲ, ಕೋಡ್ ಬದಲಾವಣೆಗಳ ಲೆಕ್ಕ ಇಡುವ ಗಿಟ್ ಇರುವುದೂ ಅಲ್ಲೇ.