ಬಾರ್‌ಕೋಡ್ ಸಾಕಾ, ಆರ್‌ಎಫ್‌ಐಡಿ ಬೇಕಾ?

ಯಾದಗಿರಿಯಂಥ ಊರಿನ ಗ್ರಂಥಾಲಯದಲ್ಲಿ ಪುಸ್ತಕ ಕೊಡುವ, ವಾಪಸ್ ಪಡೆಯುವ ಲೆಕ್ಕವನ್ನು ಕಂಪ್ಯೂಟರ್‌ಗೆ ತರಲು ಹೊರಟರೆ ಮೊದಲು ಏಳುವ ಪ್ರಶ್ನೆ ಇದೇ.

ಬಾರ್‌ಕೋಡ್ ಚೀಟಿಯನ್ನು ಮಾಮೂಲಿ ಪ್ರಿಂಟರ್‌ನಲ್ಲೇ ತೆಗೆಯಬಹುದು. ಖರ್ಚು ತೀರಾ ಕಡಿಮೆ. ಆದರೆ ಸ್ಕ್ಯಾನರ್‌ಗೆ ಗೆರೆಗಳು ಕಾಣಲೇಬೇಕು, ಪುಸ್ತಕಗಳನ್ನು ಒಂದೊಂದಾಗಿ ಹಿಡಿಯಬೇಕು. ಚೀಟಿ ಸವೆದರೆ ಕಥೆ ಮುಗಿಯಿತು. ಮೇಲೊಂದು ಪಾರದರ್ಶಕ ಟೇಪ್ ಅಂಟಿಸಿಬಿಡಿ.

ಆರ್‌ಎಫ್‌ಐಡಿ ಟ್ಯಾಗ್ ಅಂದರೆ ಪುಸ್ತಕಕ್ಕೆ ಅಂಟಿಸುವ, ಪುಟ್ಟ ಚಿಪ್ ಇರುವ ಚೀಟಿ. ಕೆಲಸ ಮಾಡುವುದು ರೇಡಿಯೊ ಅಲೆಗಳಿಂದ. ಗ್ರಂಥಾಲಯಗಳಲ್ಲಿ ಹೆಚ್ಚಾಗಿ ಬಳಸುವುದು 13.56 ಮೆಗಾಹರ್ಟ್ಸ್‌ನದು. ನಾಲ್ಕೈದು ಪುಸ್ತಕ ಒಟ್ಟಿಗೆ ಇಟ್ಟರೂ ರೀಡರ್, ಅಂದರೆ ಟ್ಯಾಗ್ ಓದುವ ಯಂತ್ರ, ಒಂದೇ ಸಲಕ್ಕೆ ಓದುತ್ತದೆ. ಲೆಕ್ಕಕ್ಕೆ ಬರೆಸದೆ ಒಯ್ದರೆ ಬಾಗಿಲಲ್ಲಿ ಗೇಟ್ ಕೂಗುತ್ತದೆ. ದೊಡ್ಡ ಲಾಭ ಇರುವುದು ಸ್ಟಾಕ್ ಎಣಿಕೆಯಲ್ಲಿ: ರೀಡರ್ ಹಿಡಿದು ಕಪಾಟಿನ ಮುಂದೆ ನಡೆದರಾಯಿತು, ಪುಸ್ತಕ ಕೆಳಗಿಳಿಸುವ ಧೂಳಿನ ಕೆಲಸವಿಲ್ಲ. ಹಾಗಂತ ಪೂರ್ತಿ ನಂಬಬೇಡಿ. ನಮ್ಮ ಕಪಾಟುಗಳು ಕಬ್ಬಿಣದವು, ಅಲ್ವಾ? ಲೋಹ ಅಲೆಗೆ ಅಡ್ಡಿ ಮಾಡುತ್ತದೆ. ತೆಳ್ಳನೆಯ ಪುಸ್ತಕಗಳು ಒತ್ತಾಗಿ ನಿಂತರೂ ಕೆಲವು ತಪ್ಪಿಹೋಗಬಹುದು. ಟ್ಯಾಗ್, ಗೇಟ್, ರೀಡರ್ ಎಲ್ಲ ಸೇರಿದರೆ ಖರ್ಚೂ ಬಹಳ ಜಾಸ್ತಿ.

ತಂತ್ರಾಂಶದ ಚಿಂತೆ ಬೇಡ. 1999ರಲ್ಲಿ ನ್ಯೂಜಿಲೆಂಡ್‌ನಲ್ಲಿ ಶುರುವಾದ ಕೋಹಾ ಎಂಬ ಗ್ರಂಥಾಲಯ ತಂತ್ರಾಂಶ ಉಚಿತ, ಎರಡಕ್ಕೂ ಹೊಂದುತ್ತದೆ. ಕನ್ನಡ ಹೆಸರುಗಳನ್ನು ಯೂನಿಕೋಡ್‌ನಲ್ಲೇ ಟೈಪ್ ಮಾಡಿಸಿ.

ಪೇಪರ್ ನೋಡಲು, ಪರೀಕ್ಷೆಗೆ ಓದಲು ಬರುವವರೇ ಹೆಚ್ಚಿದ್ದು, ಪುಸ್ತಕ ಮನೆಗೆ ಒಯ್ಯುವವರು ಕಡಿಮೆ ಇದ್ದರೆ ನಾನು ಬಾರ್‌ಕೋಡ್ ಕಡೆಗೇ. ಉಳಿದ ಹಣದಲ್ಲಿ ಒಂದು ಒಳ್ಳೆಯ ಯುಪಿಎಸ್ ತನ್ನಿ. ಕರೆಂಟ್ ಹೋದರೆ ಎರಡೂ ಸುಮ್ನೆ ಕೂರುತ್ತವೆ.