ಸಿಂಕಿನ ವಾಸನೆಗೆ ಮೂರು ಟ್ರ್ಯಾಪ್, ಒಂದು ವಾಲ್ವ್, ಕೊನೆಗೊಂದು ಗಾಳಿ ಪೈಪ್

ಕಲಬುರಗಿಯ ಸೇಡಂ ರಸ್ತೆ ಕಡೆ ನಮ್ಮ ಮನೆ. ಕೆಳಗೆ ಬಾಡಿಗೆಯವರು, ಮೇಲೆ ನಾವು. ಹೋದ ವರ್ಷ ಅಡುಗೆಮನೆ ಸಿಂಕಿನಿಂದ ಗಟಾರದ ವಾಸನೆ ಶುರುವಾಯಿತು. ಅದೂ ಹೊತ್ತು ನೋಡಿ ಬರುತ್ತಿತ್ತು. ವಾಷಿಂಗ್ ಮಷೀನ್ ನೀರು ಬಿಟ್ಟಿತೋ, ಇತ್ತ ಸಿಂಕ್ ಗಳಗಳ ಅಂತ ಬಾಯಿ ಮುಕ್ಕಳಿಸುತ್ತಿತ್ತು. ಐದು ನಿಮಿಷದಲ್ಲಿ ಮೂಗು ಮುಚ್ಚಿಕೊಳ್ಳಬೇಕು.

"ಪೈಪ್ ಬ್ಲಾಕ್ ಆಗ್ಯಾದ್ರಿ ಸರ್" ಅಂದ ಪ್ಲಂಬರ್. ಪುಡಿ ಸುರಿದ, ಸ್ಪ್ರಿಂಗ್ ತೂರಿಸಿ ತಿರುವಿದ. ನೀರು ಮೊದಲೂ ಹೋಗುತ್ತಿತ್ತು, ಆಮೇಲೂ ಹೋಯಿತು. ವಾಸನೆ ಮಾತ್ರ ಅಲ್ಲೇ.

ಆಗ ಸಿಂಕಿನ ಕೆಳಗೆ ಇದ್ದದ್ದು ಸುಕ್ಕು ಸುಕ್ಕಾದ ಪ್ಲಾಸ್ಟಿಕ್ ಪೈಪು. ಅದನ್ನೇ ಬಗ್ಗಿಸಿ ಎಸ್ ಆಕಾರ ಮಾಡಿ ಕಟ್ಟಿದ್ದರು. ಬಾಗಿನಲ್ಲಿ ನೀರು ನಿಲ್ಲಬೇಕು, ಆ ನೀರೇ ಗಟಾರದ ಗಾಳಿಯನ್ನು ತಡೆಯುವ ಮುಚ್ಚಿದ ಬಾಗಿಲು. ಹೀಗೆ ನೀರು ನಿಲ್ಲಿಸಿಕೊಳ್ಳುವ ಭಾಗಕ್ಕೇ ಟ್ರ್ಯಾಪ್ ಅನ್ನುತ್ತಾರೆ. ಎಸ್ ಬಾಗು ಹಳೇ ಉಪಾಯ. ಲಂಡನ್ನಿನ ಗಡಿಯಾರ ತಯಾರಕ ಅಲೆಕ್ಸಾಂಡರ್ ಕಮಿಂಗ್ 1775ರಲ್ಲೇ ಆ ಬಾಗು ಇರುವ ಫ್ಲಶ್ ಶೌಚಾಲಯಕ್ಕೆ ಪೇಟೆಂಟ್ ಪಡೆದಿದ್ದ. ಆದರೆ ಪೈಪು ತುಂಬಿ ಹರಿದರೆ, ಟ್ರ್ಯಾಕ್ಟರ್ ಟ್ಯಾಂಕಿನಿಂದ ನಳಿಗೆ ಹಾಕಿ ಡೀಸೆಲ್ ಎಳೆದ ಹಾಗೆ, ಅದು ತನ್ನ ನೀರನ್ನು ತಾನೇ ಎಳೆದುಕೊಂಡು ಹೋಗಿಬಿಡುತ್ತದೆ. ಕಿತ್ತು ಎಸೆದೆ.

ಎರಡನೆಯದು ಬಾಟಲ್ ಟ್ರ್ಯಾಪ್, ಬಾಟಲಿಯಂಥ ಡಬ್ಬಿಯಲ್ಲಿ ನೀರು ನಿಲ್ಲುವಂಥದ್ದು. ನೋಡೋಕೆ ಚೆಂದ. ಕೈ ತೊಳೆಯುವ ಬೇಸಿನ್ನಿಗೆ ಸರಿ, ಅಡುಗೆಮನೆಗೆ ಅಲ್ಲ. ರೊಟ್ಟಿ ಬಡಿದ ಪರಾತದ ಜೋಳದ ಹಿಟ್ಟು ಅದರ ತಳದಲ್ಲಿ ಕೂತು ಹುಳಿ ಬರುತ್ತಿತ್ತು. ವಾರಕ್ಕೊಮ್ಮೆ ಬಿಚ್ಚಿ ತೊಳೆಯುವುದು ಯಾರು?

ಮೂರನೆಯದು ಪಿ ಟ್ರ್ಯಾಪ್, ಕೆಳಗೆ ಬಾಗಿ ಮೇಲೆದ್ದು ಗೋಡೆಯತ್ತ ಅಡ್ಡ ಹೋಗುವ ಪೈಪು. ಇದರಲ್ಲಿ ಹಿಟ್ಟು ನಿಲ್ಲಲಿಲ್ಲ. ಇಲ್ಲಿಂದ ನಾನು ಅಳೆಯಲು ಶುರು ಮಾಡಿದೆ. ಸಿಂಕಿನ ಜಾಲಿ ತೆಗೆದು ಕಸಬರಿಗೆ ಕಡ್ಡಿ ನೇರ ಕೆಳಗಿಳಿಸುವುದು, ಎಷ್ಟು ತೊಯ್ದಿದೆ ನೋಡುವುದು. ಬೆಳಿಗ್ಗೆ ನಾಲ್ಕು ಬೆರಳು ತೊಯ್ಯುತ್ತಿತ್ತು. ಮಷೀನ್ ನೀರು ಬಿಟ್ಟ ಮೇಲೆ ಒಂದೇ ಬೆರಳು! ಅಂದರೆ ಟ್ರ್ಯಾಪ್ ತಪ್ಪಲ್ಲ. ಯಾರೋ ಅದರ ನೀರು ಕುಡಿಯುತ್ತಿದ್ದಾರೆ.

ನಾನು ಕಡ್ಡಿ ಹಿಡಿದು ಕೂತಿದ್ದನ್ನು ನೋಡಿ ಅವ್ವ ನಕ್ಕಳು. "ಎಣ್ಣಿ ಡಬ್ಬಿಗಿ ಒಂದೇ ತೂತ ಹೊಡದ್ರ ಏನಾಗ್ತದ ತಮ್ಮಾ? ಗುಳುಗುಳು ಅಂತದ. ಗಾಳಿಗಿ ಇನ್ನೊಂದ ತೂತ ಬೇಕಲ್ಲ!"

ಹಿಂದಿನ ಗೋಡೆಗೆ ಹೋಗಿ ನೋಡಿದೆ. ಸಿಂಕ್ ಮತ್ತು ಮಷೀನಿನ ನೀರು ಒಂದೇ 75 ಎಂಎಂ ಪೈಪಿಗೆ ಬೀಳುತ್ತದೆ. ಆ ಪೈಪು ಅಡುಗೆಮನೆ ಮಟ್ಟಕ್ಕೇ ಮುಗಿದಿತ್ತು. ಮೇಲೆ ಬಿಗಿ ಮುಚ್ಚಳ. ಮಷೀನಿನ ನೀರು ಒಮ್ಮೆಲೇ ಕೆಳಗೆ ಬಿದ್ದಾಗ ಹಿಂದೆ ಗಾಳಿ ಬೇಕು. ಬೇರೆ ದಾರಿ ಇಲ್ಲದ್ದಕ್ಕೆ ನಮ್ಮ ಟ್ರ್ಯಾಪಿನ ನೀರನ್ನೇ ಎಳೆದುಕೊಂಡು ಸಿಂಕಿನಿಂದ ಗಾಳಿ ಹೀರುತ್ತಿತ್ತು.

ಗೋಡೆ ಕೆಲಸ ಬೇಡ ಅಂತ ಮೊದಲು ಗಾಳಿ ವಾಲ್ವ್ ಹಾಕಿಸಿದೆ. ಮುಷ್ಟಿಯಷ್ಟು ಗಾತ್ರ, ಒಳಗೊಂದು ರಬ್ಬರ್. ಪೈಪು ಎಳೆದಾಗ ತೆರೆದು ಗಾಳಿ ಒಳಗೆ ಬಿಡುತ್ತದೆ, ಆಮೇಲೆ ಮುಚ್ಚಿಕೊಳ್ಳುತ್ತದೆ. ಟ್ರ್ಯಾಪಿನಿಂದ ಹೊರಡುವ ಅಡ್ಡ ಪೈಪಿಗಿಂತ ನಾಲ್ಕಿಂಚು ಮೇಲೆ, ನೆಟ್ಟಗೆ ನಿಲ್ಲಬೇಕು. ಸಿಂಕಿನ ಕೆಳಗೇ ಕೂರಿಸಿದೆವು. ಗಳಗಳ ನಿಂತಿತು. ಕಡ್ಡಿ ಮೂರೂವರೆ ಬೆರಳು ತೊಯ್ದಿತು. ಖುಷಿಯಾಯಿತು, ಸುಳ್ಳು ಹೇಳಲ್ಲ. ಆದರೆ ಅದು ಗಾಳಿಯನ್ನು ಒಳಗೆ ಬಿಡುತ್ತದೆ, ಹೊರಗೆ ಬಿಡುವುದಿಲ್ಲ. ಕೆಳಗಿನಿಂದ ಒತ್ತಡ ಬಂದಾಗ ಸಿಂಕಿನಲ್ಲಿ ಒಮ್ಮೊಮ್ಮೆ ಬುಳಕ್ ಅಂತ ಗುಳ್ಳೆ ಏಳುತ್ತಿತ್ತು. ಜೊತೆಗೆ ಆ ರಬ್ಬರ್ ಎಂದಾದರೂ ಜಿಡ್ಡು ಹಿಡಿದು ಸರಿಯಾಗಿ ಮುಚ್ಚದಿದ್ದರೆ ವಾಸನೆ ನೇರ ಅಡುಗೆಮನೆಗೇ.

ಕೊನೆಗೆ ಮುಚ್ಚಳ ಕತ್ತರಿಸಿ, ಅದೇ 75 ಎಂಎಂ ಪೈಪನ್ನು ಮಾಳಿಗೆಯ ಪ್ಯಾರಾಪೆಟ್ ದಾಟಿಸಿ, ತುದಿಗೆ ಜಾಲಿ ಟೋಪಿ ಹಾಕಿಸಿದೆ. ನೀರಿನ ಟ್ಯಾಂಕಿನಿಂದ ದೂರ. ಒಂದು ಪೈಪು, ಎರಡು ಕಪ್ಲಿಂಗ್, ನಾಲ್ಕು ಕ್ಲಾಂಪ್, ಅರ್ಧ ದಿನದ ಕೆಲಸ. ಮಷೀನ್ ಓಡಿಸಿ ಕಡ್ಡಿ ಇಳಿಸಿದೆ. ನಾಲ್ಕು ಬೆರಳು! ಗುಳ್ಳೆ ಇಲ್ಲ, ಸದ್ದಿಲ್ಲ. ಸಿಂಕ್ ಮೊದಲಿಗಿಂತ ಬೇಗ ಖಾಲಿಯಾಗುತ್ತದೆ. ನಮ್ಮ ಸಿಂಕ್ ಆ ಪೈಪಿಗೆ ಎರಡೇ ಅಡಿ ದೂರ, ಹಾಗಾಗಿ ಇಷ್ಟು ಸಾಕಾಯಿತು. ತುಂಬ ದೂರವಿದ್ದರೆ ಸಿಂಕಿನ ಹತ್ತಿರದಿಂದಲೇ ಬೇರೆ ಗಾಳಿ ಪೈಪು ಎಳೆಯಬೇಕು.

ಒಂದು ವಿಷಯಕ್ಕೆ ಇದೂ ಮದ್ದಲ್ಲ. ಮೇ ತಿಂಗಳ ನಮ್ಮ ಬಿಸಿಲು ಗೊತ್ತಲ್ವಾ? ಮನೆಗೆ ಬೀಗ ಹಾಕಿ ಹತ್ತಿಪ್ಪತ್ತು ದಿನ ಊರಿಗೆ ಹೋದರೆ ಟ್ರ್ಯಾಪಿನ ನೀರು ಆರುತ್ತಾ ಬರುತ್ತದೆ. ಹೊರಡುವಾಗ ಒಂದು ಚೊಂಬು ನೀರು, ಅದರ ಮೇಲೆ ಒಂದು ಚಮಚ ಎಣ್ಣೆ ಬಿಡುತ್ತೇವೆ. ಎಣ್ಣೆ ಮೇಲೆ ತೇಲಿದರೆ ನೀರು ಬೇಗ ಆರುವುದಿಲ್ಲ.

ಬಿಚ್ಚಿದ ವಾಲ್ವನ್ನು ತೊಳೆದು ಇಟ್ಟಿದ್ದೇನೆ. ನನ್ನ ತಮ್ಮ ಬೀದರಿನಲ್ಲಿ ಬಾಡಿಗೆ ಮನೆಯಲ್ಲಿದ್ದಾನೆ. ಓನರ್ ಗೋಡೆ ಮುಟ್ಟಲು ಬಿಡಲ್ಲ. ಅವನಿಗೆ ಅದೇ ಸರಿ.